ಮೇಷ್ಟ್ರು ಅಳಿಸಿದ ಬೈಗುಳ

ಪಾಂಡವಪುರದ ನಮ್ಮ ಚಿಕ್ಕಪ್ಪ ಹುಟ್ಟಿದಾಗಿನಿಂದ ಇನ್ನೊಬ್ಬರ ಮಾತು ಕೇಳಿದವರಲ್ಲ. ಉಪ್ಪು ಕಮ್ಮಿ ಮಾಡಿ ಎಂದ ಡಾಕ್ಟರನ್ನೇ ಬದಲಾಯಿಸಿದ ಮನುಷ್ಯ. ಅಂಥವರು ಈಗ ಒಬ್ಬರು ಹೇಳಿದ್ದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಾರೆ. ಆ ಒಬ್ಬರಿಗೆ ಕೈಕಾಲಿಲ್ಲ, ಊರುಕೇರಿ ಇಲ್ಲ, ಫೋನಿನೊಳಗೇ ವಾಸ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಆ ಎಐ ಚಾಟ್‌ಬಾಟಿಗೆ ಚಿಕ್ಕಪ್ಪ ಇಟ್ಟಿರುವ ಹೆಸರು ಮೇಷ್ಟ್ರು.

ಮೇಷ್ಟ್ರಿಗೆ ಬರದ ವಿದ್ಯೆಯೇ ಇಲ್ಲ ಎಂಬುದು ಚಿಕ್ಕಪ್ಪನ ನಂಬಿಕೆ. ಬರದಿದ್ದರೂ ಹೇಳುತ್ತಾರೆ ಎಂಬುದು ನನ್ನ ಅನುಭವ. ಒಮ್ಮೆ ಫೋನಿನ ಅಕ್ಷರ ದೊಡ್ಡದು ಮಾಡುವುದು ಹೇಗೆ ಎಂದು ಕೇಳಿದರು. ಸೆಟ್ಟಿಂಗ್ಸಿಗೆ ಹೋಗಿ 'ಸುಲಭ ನೋಟ' ಎಂಬ ಬಟನ್ ಒತ್ತಿ ಎಂದರು ಮೇಷ್ಟ್ರು. ಅಂಥ ಬಟನ್ನೇ ಆ ಫೋನಿನಲ್ಲಿಲ್ಲ. ನಾವಾದರೆ ಏನು ಮಾಡುತ್ತೇವೆ? ಮೇಷ್ಟ್ರನ್ನು ಅನುಮಾನಿಸುತ್ತೇವೆ. ಚಿಕ್ಕಪ್ಪ ಫೋನನ್ನು ಅನುಮಾನಿಸಿದರು. ಆಸುಪಾಸಿನಲ್ಲಿ ಕಂಡದ್ದನ್ನೆಲ್ಲ ಒತ್ತಿದರು. ಅಕ್ಷರ ಇದ್ದಷ್ಟೇ ಉಳಿಯಿತು, ಫೋನಿಗೆ ಮಾತ್ರ ಬಾಯಿ ಬಂತು. ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದತೊಡಗಿತು. ಮರುದಿನ ಬೆಳಿಗ್ಗೆ ಡೈರಿಯ ಮುಂದೆ, ಹಾಲಿನ ಕ್ಯಾನು ಹಿಡಿದು ನಿಂತ ಊರವರೆಲ್ಲರ ನಡುವೆ, ಚಿಕ್ಕಮ್ಮ ಕಳಿಸಿದ ಮೆಸೇಜನ್ನು ಓದಿ ಹೇಳಿತು: "ಕೊತ್ತಂಬ್ರಿ ಮರ್ತು ಬಂದ್ರೆ ಒಳೀಕ್ ಬುಡಾಕಿಲ್ಲ."

ಇವತ್ತಿಗೂ ಡೈರಿಯಲ್ಲಿ ಅವರನ್ನು ಕಂಡವರು ಮೊದಲು ಕೇಳುವುದು, "ಕೊತ್ತಂಬ್ರಿ ಆಯ್ತಾ ಗೌಡ್ರೇ?"

ಫೋನು ಸರಿ ಮಾಡಿಕೊಟ್ಟು, ನಿಮ್ಮ ಮೇಷ್ಟ್ರು ಬುರುಡೆ ಬಿಡುತ್ತಾರೆ ಎಂದೆ. ಬಟನ್ ಸಿಗಲಿಲ್ಲ ಎಂದು ಮೇಷ್ಟ್ರಿಗೆ ಹೇಳಿದ್ದಕ್ಕೆ ಬಂದ ಉತ್ತರವನ್ನು ಚಿಕ್ಕಪ್ಪ ಪರದೆಯ ಮೇಲೆ ತೋರಿಸಿದರು. 'ಕ್ಷಮಿಸಿ, ನೀವು ಹೇಳಿದ್ದೇ ಸರಿ' ಎಂದು ಬರೆದಿತ್ತು.

"ನೋಡು ಮಗಾ, ಎಂಗ್ ಒಪ್ಕತಾರೆ. ಇಷ್ಟ್ ವರ್ಸದಲ್ಲಿ ನಿಮ್ ಚಿಕ್ಕಮ್ಮ ಒಂದ್ಸಲನಾರ ಇಂಗಂದವ್ಳಾ?"

ಅಡುಗೆಮನೆಯಿಂದ ಚಿಕ್ಕಮ್ಮನ ಉತ್ತರ ಬಂತು: "ನೀವು ಸರಿಯಾದ್ ಮಾತ್ ಏಳಿದ್ ದಿನ ಅಂತೀನಿ ಬುಡಿ."

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನನ್ನ ತಂಗಿಯ ಮದುವೆ ಮುಗಿದು, ಹೊಣಕೆರೆಯ ನಮ್ಮ ತೌರಿನಲ್ಲಿ ಬೀಗರೂಟ ನಡೆಯಿತು. ನಮ್ಮ ಕಡೆ ಮದುವೆಯ ಪಾಯಸ ಯಾರಿಗೂ ನೆನಪಿರುವುದಿಲ್ಲ. ಬೀಗರೂಟದಲ್ಲಿ ಎಲೆಗೆ ಬಿದ್ದ ಕುರಿ ಬಾಡಿನ ಸುದ್ದಿ ಮಾತ್ರ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತದೆ. ಹೆಣ್ಣಿನ ಚಿಕ್ಕಪ್ಪನಲ್ಲವೇ, ಇವರು ಪಂಚೆ ಎತ್ತಿ ಕಟ್ಟಿ ಪಂಕ್ತಿ ಪಂಕ್ತಿಗೂ ಮುದ್ದೆ ಬಡಿಸಿದರು. ಕೊನೆಗೆ ತಾವು ಕೂತಾಗ ಸಿಕ್ಕಿದ್ದು ಒಂದು ಮೂಳೆ, ಮಿಕ್ಕಿದ್ದು ಸಾರು. ಎದ್ದು, ಚಿಕ್ಕಮ್ಮನನ್ನು ಕಾರು ಹತ್ತಿಸಿಕೊಂಡು ಪಾಂಡವಪುರಕ್ಕೆ ಬಂದವರೇ, ಮನೆಯ ಮುಂದೆ ನಿಂತು ನನ್ನ ಅಪ್ಪನಿಗೆ, ಅಂದರೆ ಸ್ವಂತ ಅಣ್ಣನಿಗೆ, ಒಂದು ವಾಯ್ಸ್ ಮೆಸೇಜು ಕಳಿಸಿದರು. ಅದರ ಕೊನೆಯ ಮಾತು: "ಇನ್ನು ನಿನ್ ಮನೆ ವಸ್ಲು ತುಳಿಯಾಕಿಲ್ಲ."

ಅಷ್ಟರಲ್ಲಿ ಚಿಕ್ಕಮ್ಮ ಕಾರಿನ ಹಿಂದಿನ ಸೀಟಿನಿಂದ ಒಂದು ಕ್ಯಾರಿಯರ್ ಇಳಿಸಿದರು. "ನಿಮ್ಮಣ್ಣ ಮಡಗವ್ರೆ. ನಿಮ್ಗೇಯ ಅಂತೆ."

ಮುಚ್ಚಳ ತೆಗೆದರೆ ಹುರಿದ ಈಲಿ, ಅಂದರೆ ಲಿವರ್. ಕುರಿಯಲ್ಲಿ ಚಿಕ್ಕಪ್ಪನಿಗೆ ಪ್ರಾಣ ಎಂದರೆ ಅದೊಂದೇ.

ಆಗ ನನಗೊಂದು ಫೋನ್ ಮಾಡಿದ್ದರೆ ಸಾಕಿತ್ತು. ಕಳಿಸಿದ ತಕ್ಷಣ ಮೆಸೇಜನ್ನು ಎರಡೂ ಕಡೆಯಿಂದ ಅಳಿಸುವುದೇನು ಮಹಾ ವಿದ್ಯೆಯೇ? ಚಿಕ್ಕಪ್ಪ ಕೇಳಿದ್ದು ಮೇಷ್ಟ್ರನ್ನು. 'ನನಗೆ ಮಾತ್ರ ಅಳಿಸು' ಎಂಬುದನ್ನು ಒತ್ತಿ, ಅಣ್ಣನವರ ಫೋನಿನಿಂದಲೂ ಹೋಗುತ್ತದೆ ಎಂದರು ಮೇಷ್ಟ್ರು. ಒತ್ತಿದರು. ಇವರ ಫೋನಿನಿಂದ ಹೋಯಿತು, ಅಪ್ಪನ ಫೋನಿನಲ್ಲಿ ಭದ್ರವಾಗಿ ಉಳಿಯಿತು. ಹಗ್ಗ ಕೈಯಿಂದ ಜಾರಿದ ಮೇಲೆ ಬಾವಿಯೊಳಗಿನ ಬಿಂದಿಗೆ ಎತ್ತುವುದು ಹೇಗೆ?

"ನನಗೆ ಮಾತ್ರ ಅಂತ ಬರೆದಿತ್ತಲ್ಲ ಚಿಕ್ಕಪ್ಪ," ಎಂದೆ ಆಮೇಲೆ.

"ಬರ್ದಿತ್ತು. ಮೇಷ್ಟ್ರು ಏಳುದ್ರಲ್ಲ."

ಹೀಗಾಯಿತಲ್ಲ ಎಂದು ಅವರು ಮೇಷ್ಟ್ರಿಗೂ ಹೇಳಿಕೊಂಡಿದ್ದರಂತೆ. 'ಕ್ಷಮಿಸಿ, ನೀವು ಹೇಳಿದ್ದೇ ಸರಿ' ಎಂದೇ ಬಂತು. ಈ ಸಲ ಆ ಮಾತು ಚಿಕ್ಕಪ್ಪನಿಗೆ ಹಿತವಾಗಲಿಲ್ಲ.

ಮರುದಿನ ಬೆಳಿಗ್ಗೆಯೇ ಶ್ರೀರಂಗಪಟ್ಟಣದ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿದರು. "ನಡಿ ಮಗಾ, ನಿಮ್ಮಪ್ಪನ್ ತಾವ್ಕೆ. ನೀನು ಮಾತಾಡಿಸ್ತಿರು, ನಾನು ಫೋನ್ ತಕ್ಕೊಂಡು ಅಳಿಸ್ಬುಡ್ತೀನಿ."

"ಅಪ್ಪ ಆಗಲೇ ಕೇಳಿಬಿಟ್ಟಿದ್ರೆ?"

"ಕೇಳಿದ್ರೆ ನಂಗೆ ಅಣ್ಣ ಇಲ್ಲ ಕಣವ್ವ, ಅಷ್ಟೇಯ."

ಹೋಗುವುದಕ್ಕೆ ನೆಪವಾಗಿ ಕ್ಯಾರಿಯರ್ ಇತ್ತು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದಲ್ಲ, ಚಿಕ್ಕಮ್ಮ ಅದರ ತುಂಬ ಕಜ್ಜಾಯ ತುಂಬಿದ್ದರು. ಅದು ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಚಿಕ್ಕಪ್ಪ ಏನೂ ಕೇಳಲಿಲ್ಲ, ನನ್ನನ್ನೂ ಇಲ್ಲ, ಮೇಷ್ಟ್ರನ್ನೂ ಇಲ್ಲ.

ತೌರಿನ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಮನೆಯೊಳಗಿನಿಂದ ಚಿಕ್ಕಪ್ಪನ ದನಿ ಕೇಳಿತು. ಚಿಕ್ಕಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು.

"ಅವ್ವ ತೀರ್ಕಂಡ್ಮೇಲೆ ನಿನ್ ತಟ್ಟೆ ಈಲಿ ಎತ್ತಿ ನನ್ ತಟ್ಟೆಗೆ ಇಕ್ತಿದ್ದೋನು ನೀನೇನಾ? ಬೀಗ್ರು ಬಂದೇಟ್ಗೆ ತಮ್ಮ ಕಾಣಾಕಿಲ್ವಾ? ಇನ್ನು ನಿನ್ ಮನೆ ವಸ್ಲು ತುಳಿಯಾಕಿಲ್ಲ."

ಮೆಸೇಜು ಮುಗಿಯಿತು. ಸ್ವಲ್ಪ ಹೊತ್ತು ಬಿಟ್ಟು ಮೊದಲಿನಿಂದ ಮತ್ತೆ ಶುರುವಾಯಿತು. ಬಾಗಿಲಲ್ಲಿ ಇಣುಕಿದರೆ ಅಪ್ಪ ಒಬ್ಬರೇ ಬೆಂಚಿನ ಮೇಲೆ ಕೂತು, ಫೋನನ್ನು ಕಿವಿಯ ಹತ್ತಿರ ಹಿಡಿದು, ಇನ್ನೊಂದು ಕೈಯಲ್ಲಿ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ತಲೆ ಎತ್ತಿ ತಮ್ಮನನ್ನು ನೋಡಿದರು.

"ವಸ್ಲು ತುಳಿಯಾಕಿಲ್ಲ ಅಂದಿದ್ಯಲ್ಲ."

"ಇನ್ನೂ ತುಳಿದಿಲ್ಲ. ಅಂಗಳದಲ್ಲೇ ಇವ್ನಿ."

"ಬಾರ್ಲಾ ಒಳೀಕೆ. ಈಲಿ ತಿಂದ್ಯಾ?"

"ತಿಂದೆ."

ಚಿಕ್ಕಪ್ಪ ಒಳಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತರು. "ಅದ್ನ ಅಳಿಸ್ಬುಡು ಅಣ್ಣ."

"ಯಾಕ್ಲಾ ಅಳಿಸ್ಲಿ? ಈಲಿ ಇಕ್ತಿದ್ದದ್ದು ನಂಗೊಬ್ನಿಗೇ ಗ್ಯಾಪಕ ಅಂದ್ಕೊಂಡಿದ್ದೆ." ಅಪ್ಪ ಫೋನನ್ನು ತಮ್ಮನ ಮುಂದೆ ಹಿಡಿದರು. "ಇದು ಅಳಿಸೋಗದಂಗೆ ಮಡಗಾದು ಎಂಗೆ? ನಿನ್ ಮೇಷ್ಟ್ರನ್ನ ಕೇಳ್ಲಾ."

ಚಿಕ್ಕಪ್ಪನ ಕೈ ಅಭ್ಯಾಸದಂತೆ ತಮ್ಮ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅಣ್ಣನ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ದಾಟಿಸುವಂತೆ ನನಗೆ ಕೊಟ್ಟರು.

"ಮೇಷ್ಟ್ರು ಬ್ಯಾಡ ಮಗಾ. ನೀನೇ ಮಾಡ್ಕೊಡು."