ಬೂಷ್ಟು ಹಿಡಿದ ಬಾಟಲಿಗಳ ಪರವಾಗಿ

ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ನಗೆಪಾಟಲಿನ ಪ್ರಸಂಗಗಳೇ ನಮ್ಮ ಲ್ಯಾಬಿನ ಬಾಗಿಲು ತಟ್ಟಿಕೊಂಡು ಬರುತ್ತವೆ.

ಕೊಪ್ಪದ ನಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ ನಾನು ಕಲಿಸುವುದು ಅಂಗಾಂಶ ಕೃಷಿ. ಗಿಡದ ಉಗುರಿನಷ್ಟು ತುಂಡನ್ನು ಕ್ರಿಮಿ ಸೋಕದಂತೆ ಬಾಟಲಿಯೊಳಗಿಟ್ಟು, ಜೆಲ್ಲಿಯಂಥ ಆಹಾರ ಕೊಟ್ಟು, ಹೊಸ ಗಿಡ ಎಬ್ಬಿಸುವ ವಿದ್ಯೆ ಅದು. ನೋಟ್ಸ್ ಬರೆಸುವುದನ್ನು ನಾನು ಎಂದೋ ಬಿಟ್ಟೆ. 'ನಿಮ್ಮೂರಿನ ಒಂದು ಗಿಡ ಹಿಡ್ಕೊಳ್ಳಿ, ವರ್ಷವಿಡೀ ಅದೇ ಪ್ರಾಜೆಕ್ಟ್, ಅದೇ ಪಾಠ. ಸೋತ್ರೆ ಸೋತದ್ದನ್ನೇ ರೆಕಾರ್ಡಲ್ಲಿ ಬರೀರಿ' ಎಂದುಬಿಟ್ಟಿದ್ದೇನೆ. ವಿಭಾಗದ ಮುಖ್ಯಸ್ಥರಿಗೆ ಇದು ಸುತರಾಂ ಹಿಡಿಸದು. ಈ ವರ್ಷ ಬಾಯಿಬಿಟ್ಟೇ ಹೇಳಿದರು: 'ಪರಿಶೀಲನಾ ಸಮಿತಿ ಬರ್ತದೆ ಮೇಡಂ. ಅವರು ಒಪ್ಪದಿದ್ರೆ ಲ್ಯಾಬಿಗೆ ಬೀಗ, ನೀವು ವಾಪಸ್ ನೋಟ್ಸಿಗೆ.'

'ಬರಲಿ ಸಾರ್' ಎಂದೆ.

ಒಂದು ಕುಡಿ ಸಾಕು

ಅಡ್ಡಗದ್ದೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಕಾಳುಮೆಣಸಿನ ಬಳ್ಳಿಗಳೆಲ್ಲ ಸೊರಗಿ ಸತ್ತು, ಒಂದೇ ಒಂದು ಬದುಕಿತ್ತು. ಆ ಗಟ್ಟಿಗಿತ್ತಿಯ ಮರಿಗಳನ್ನು ಬಾಟಲಿಯಲ್ಲಿ ಎಬ್ಬಿಸುವುದು ಅವಳ ಪ್ರಾಜೆಕ್ಟ್. 'ಒಂದು ಕುಡಿ ತಾ, ಸಾಕು' ಎಂದೆ.

ಮಾರನೆಯ ದಿನ ಅವಳು ಬಸ್ಸಿನಿಂದ ಗೋಣಿಚೀಲ ಇಳಿಸಿದಳು. ಕಾಲೇಜಿನ ಮೇಡಂಗೆ ಉಗುರಿನಷ್ಟು ಕೊಟ್ಟು ಕಳಿಸಿದರೆ ಮನೆಯ ಮರ್ಯಾದೆ ಏನಾಗಬೇಕು ಎಂದು ಅವಳ ಅಮ್ಮ ಬಳ್ಳಿಯನ್ನೇ ಕೊಯ್ದು ತುಂಬಿದ್ದರು. ಜೊತೆಗೆ ಮೈಗೆ ಹತ್ತಿ ಕಚ್ಚುವ ಕೆಂಪು ಚಗಳಿ ಇರುವೆಯ ಗೂಡೂ ಬಂದಿತ್ತು. ಕಣ್ಣಿಗೆ ಕಾಣದ ಕ್ರಿಮಿಯೂ ನುಸುಳಬಾರದ ಲ್ಯಾಬಿನಲ್ಲಿ ಅರ್ಧ ಗಂಟೆ ನಾವೆಲ್ಲ ಕುಣಿದೆವು.

ಸಂಜೆ ಆ ತಾಯಿಯ ಫೋನು. 'ಸಾಕಾಯ್ತಾ ಮೇಡಂ? ಎಂತದ್ದೂ ಸಂಕೋಚ ಬೇಡ ಮಾರಾಯ್ರೆ. ಬುಡ ಒಂದು ಉಳಿದಿದೆ, ಬೇಕಾದ್ರೆ ನಾಳೆ ಅದನ್ನೂ ಕಿತ್ತು ಕಳಿಸ್ತೆ.'

ಬೂಷ್ಟಿನ ಮೂಲ

ಎನ್.ಆರ್.ಪುರದ ಇಬ್ಬರು ಹುಡುಗರ ಬಾಳೆಯ ಬಾಟಲಿಗಳಿಗೆ ಒಂದೂ ಬಿಡದೆ ಬೂಷ್ಟು ಹಿಡಿಯಿತು. ಮುಖ್ಯಸ್ಥರು ನನ್ನನ್ನು ಕರೆದು, 'ಸಮಿತಿ ಬರೋ ಹೊತ್ತು. ಚೆನ್ನಾಗಿ ಬಂತು ಅಂತ ಬರೆಸಿಬಿಡಿ, ಯಾರು ನೋಡ್ತಾರೆ?' ಎಂದರು.

ನನಗೆ ಮೈಯೆಲ್ಲ ಉರಿಯಿತು. 'ನಾನು ನೋಡ್ತೇನೆ ಸಾರ್' ಎಂದೆ. ನೇರ ಲ್ಯಾಬಿಗೆ ಬಂದು ಹುಡುಗರಿಗೆ ಹೇಳಿದೆ: 'ಬೂಷ್ಟು ಎಲ್ಲಿಂದ ಬಂತು ಅಂತ ಹುಡುಕಿ. ಇನ್ನು ನಿಮಗೆ ಅದೇ ಪ್ರಾಜೆಕ್ಟ್.'

ಗಾಳಿಯಲ್ಲಿರುವ ಬೂಷ್ಟು ಬಂದು ಕೂರಲೆಂದು ಅವರು ಜೆಲ್ಲಿ ತುಂಬಿದ ತಟ್ಟೆಗಳನ್ನು ಕೋಣೆಕೋಣೆಯಲ್ಲೂ ಸ್ವಲ್ಪ ಹೊತ್ತು ತೆರೆದಿಟ್ಟು ತಂದರು. ವಾರ ಕಳೆದು ನೋಡಿದರೆ ಎಲ್ಲಕ್ಕಿಂತ ಸೊಂಪಾದ ಬೆಳೆ ಮುಖ್ಯಸ್ಥರ ಕೋಣೆಯ ತಟ್ಟೆಯಲ್ಲಿ! ಹುಡುಗರು ಅದನ್ನು ಬರೆದು ನೋಟಿಸ್ ಬೋರ್ಡಿಗೂ ಹಚ್ಚಿದರು.

ಮುಖ್ಯಸ್ಥರು ಕೆಂಡಾಮಂಡಲ. 'ಅಂದ್ರೆ ಬೂಷ್ಟು ಹಿಡಿದಿರೋದು ನನಗಾ?'

'ಛೆ, ಇಲ್ಲ ಸಾರ್' ಎಂದ ಒಬ್ಬ, ತುಂಬಾ ವಿನಯದಿಂದ. 'ನಿಮ್ಮ ಬೀರುವಲ್ಲಿರೋ ಹಳೇ ನೋಟ್ಸಿಗೆ.'

ಮಾತಾಡಬಾರದ ಕೋಣೆ

ಕೊನೆಗೂ ಸಮಿತಿ ಬಂತು: ಅಧ್ಯಕ್ಷರು, ಇಬ್ಬರು ಸದಸ್ಯರು. ಗಿಡ ಕತ್ತರಿಸಿ ಬಾಟಲಿಗಿಡುವ ಕೋಣೆಯಲ್ಲಿ ಮಾತಾಡುವಂತಿಲ್ಲ. ಉಸಿರಿನ ಜೊತೆ ಕ್ರಿಮಿ ಒಳಗಿಳಿಯುತ್ತದೆ. ಅಡ್ಡಗದ್ದೆಯ ಹುಡುಗಿ ಬಾಗಿಲಲ್ಲೇ ಮೂವರ ಶೂ ಬಿಚ್ಚಿಸಿ, ಮೊಣಕೈವರೆಗೆ ಕೈ ತೊಳೆಸಿ, ಮಾಸ್ಕ್ ಹಾಕಿಸಿ, 'ಒಳಗೆ ಮಾತಿಲ್ಲ ಸಾರ್' ಎಂದಳು. ಪ್ರಶ್ನೆ ಕೇಳುವುದಕ್ಕೆಂದೇ ಬಂದವರು!

ಅಷ್ಟಕ್ಕೇ ಬಿಡದೆ, ಒಬ್ಬೊಬ್ಬರ ಕೈಗೂ ಚಾಕು, ಮೆಣಸಿನ ಕುಡಿ, ಬಾಟಲಿ ಕೊಟ್ಟಳು. ಸದಸ್ಯರಿಬ್ಬರು ತುಟಿ ಬಿಗಿದು ಕೆಲಸ ಮುಗಿಸಿದರು. ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಮಾಸ್ಕನ್ನು ಗಲ್ಲಕ್ಕಿಳಿಸಿ, ತೆರೆದ ಬಾಟಲಿಯ ಮೇಲೆಯೇ ಹತ್ತು ನಿಮಿಷ ಕೊರೆದರು.

ವಾರದ ಮೇಲೆ ಮುಖ್ಯಸ್ಥರು ಅವಳ ರೆಕಾರ್ಡ್ ಹಿಡಿದು ಓಡಿ ಬಂದರು. ಅದರಲ್ಲಿತ್ತು: 'ಬಾಟಲಿ: ಅಧ್ಯಕ್ಷರದ್ದು. ಫಲಿತಾಂಶ: ಬೂಷ್ಟು. ಕಾರಣ: ಕತ್ತರಿಸುವಾಗ ಭಾಷಣ.'

'ಈ ಪುಟ ಹರೀರಿ ಮೇಡಂ! ಅವರ ವರದಿ ಇನ್ನೂ ಬಂದಿಲ್ಲ!'

ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಹರಿದರೆ ಲ್ಯಾಬ್ ಉಳಿದೀತು. ಆದರೆ ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. 'ಹರಿಯೋದಿಲ್ಲ' ಎಂದೆ. ಹೇಳಿದ್ದಷ್ಟೇ ಅಲ್ಲ, ಪುಟದ ಫೋಟೋ ಹೊಡೆದು ಅಧ್ಯಕ್ಷರಿಗೇ ಕಳಿಸಿದೆ. ಮುಖ್ಯಸ್ಥರು ಕುರ್ಚಿ ಹುಡುಕಿಕೊಂಡು ಕೂತರು.

ಐದು ನಿಮಿಷಕ್ಕೆ ಫೋನು ಬಂತು. ಸ್ಪೀಕರಿಗೆ ಹಾಕಿದೆ.

'ಮೇಡಂ, ನನ್ನದಕ್ಕೆ ಬೂಷ್ಟಾ?'

'ಹೌದು ಸಾರ್.'

'ಅವರಿಬ್ಬರದ್ದು?'

'ಎರಡೂ ಚೊಕ್ಕವಾಗಿವೆ ಸಾರ್.'

ಅಧ್ಯಕ್ಷರು ಗುಡುಗಿದರು: 'ಹಾಗಾದ್ರೆ ಲ್ಯಾಬ್ ಮುಚ್ಚೋ ಮಾತೇ ಇಲ್ಲ! ಅವರಿಬ್ಬರ ಮುಂದೆ ನಾನು ಫೇಲಾಗಿ ಉಳಿಯೋದಾ? ಸೋಮವಾರ ಬರ್ತೀನಿ. ನನಗೊಂದು ಬಾಟಲಿ ತೆಗೆದಿಡಿ.'

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಫೋನಿಗೆ ಬಾಗಿದಳು.

'ಬನ್ನಿ ಸಾರ್. ಈ ಸಲ ಮಾಸ್ಕಿಗೆ ಹಿಂದಿನಿಂದ ನಾವೇ ಗಂಟು ಹಾಕ್ತೇವೆ.'