ಎಡೆಗೆ ಇಟ್ಟ ಕಂಪ್ಯೂಟರ್

ಮೈದುನ: ಇಡೋದಾದ್ರೆ ಇಡಿ ಅತ್ತಿಗೆ. ಆನ್ ಮಾಡ್ಬೇಡಿ ಅಷ್ಟೇ.

ನಾನು: ಆನ್ ಮಾಡ್ದೆ ಇಡೋಕೆ ಅದೇನು ಬೀಸೋ ಕಲ್ಲಾ?

ಮೈದುನ: ಹಂಗಾರೆ ಕೀಬೋರ್ಡ್ ಒಂದು ಇಡಿ. ಸಾಕು. ಅಣ್ಣಂಗೆ ಗೊತ್ತಾಯ್ತದೆ.

ನಾನು: ಪಂಚೆ ಇಟ್ಟೆಯಲ್ಲ, ಅರ್ಧ ಹರ್ದು ಇಟ್ಯಾ?

ಅತ್ತೆ: ಏನ್ಲಾ ಮೂಡ್ಲಾ, ಬೆಳಗ್ಗಿಂದ ಒಂದೇ ರಾಗ ನಿಂದು. ಎತ್ತಿಡ್ಲಾ ಆ ರಾಗಾನ.

ಹಿರಿಯರ ಹಬ್ಬದ ಅಮಾವಾಸ್ಯೆ. ಗುಬ್ಬಿಯ ನಮ್ಮ ಮನೆ. ನನ್ನ ಯಜಮಾನರು ರಾಮಾಂಜಿನಯ್ಯ ಹೋಗಿ ಒಂದು ವರ್ಷ ಎರಡು ತಿಂಗಳು. ವರ್ಷ ತುಂಬದೆ ಎಡೆ ಇಡುವ ಹಾಗಿಲ್ಲ ಎಂದು ಹೋದ ಸಲ ಇಟ್ಟಿರಲಿಲ್ಲ. ಇದೇ ಮೊದಲು. ಒಳಕೋಣೆಯಲ್ಲಿ ಅವರ ಫೋಟೋ, ಅದರ ಮುಂದೆ ಬಾಳೆ ಎಲೆ. ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಹೋದವರಿಗೆ ಏನು ಇಷ್ಟವೋ ಅದನ್ನು ಇಡಬೇಕು. ಅವರಿಗೆ ಬೀಡಿಗಿಂತ ಇಷ್ಟ ಆ ಹಳೇ ಕಂಪ್ಯೂಟರ್. ಅದು ಅವರು ಬಿಟ್ಟುಹೋದ ಹಾಗೇ ನಡೆಯುತ್ತಿರಬೇಕು. ಇಲ್ಲದಿದ್ದರೆ ಅವರು ಬರುವುದಿಲ್ಲ. ಇದು ನನ್ನ ಹಟ.

ಮೈದುನ ಮೂಡಲಗಿರಿಯಪ್ಪ ಹೆಬ್ಬೂರಿನಿಂದ ಮೊದಲ ಬಸ್ಸಿಗೇ ಬಂದಿದ್ದ. ಎಡೆ ಮುಗಿಯುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅವನ ಬಾಯಿ ನನ್ನ ಜೊತೆ ಮಾತಾಡುತ್ತಿತ್ತು, ಕಣ್ಣು ಕೋಳಿ ಸಾರಿನ ಮೇಲಿತ್ತು.

ಅತ್ತೆ: ಅದರಲ್ಲಿ ಅಂಥದ್ದೇನೈತೆ ಹೇಳೇ. ಹನ್ನೆರಡು ವರ್ಷ ಅದರ ಮುಂದೆ ಕುಂತಿದ್ನಲ್ಲ.

ನಾನು: ಕುಣಿಗಲ್‌ನಲ್ಲಿ ಯಾವುದೋ ಕಾಲೇಜಿನೋರು ಹಳೇದು ಅಂತ ಹರಾಜು ಹಾಕಿದ್ರು. ಇವ್ರು ತಗಂಡು ಬಸ್ಸಲ್ಲಿ ತೊಡೆ ಮೇಲೆ ಇಟ್ಕಂಡು ಬಂದ್ರು. ನನ್ನ ಮದುವೆ ಆಗಿ ಕರ್ಕಂಡು ಬರುವಾಗ್ಲೂ ಅಷ್ಟು ಜೋಪಾನ ಮಾಡಿರ್ಲಿಲ್ಲ. ಎಲ್ಲಾರ ಮನೇಲಿರೋ ವಿಂಡೋಸು ಅದಕ್ಕೆ ಭಾರ ಆಯ್ತದೆ ಅಂತ ಬೇರೆ ಸಿಸ್ಟಂ ಹಾಕಿದ್ರು.

ಅತ್ತೆ: ಬೇರೆ ಅಂದ್ರೆ ಯಾರ್ದು?

ನಾನು: ಹೊರದೇಶದಲ್ಲಿ ಯಾರೋ ಐದಾರು ಜನ. ಬಿಡುವಾದಾಗ ಕೂತ್ಕಂಡು ಬರೀತಾರಂತೆ. ಬೇಕಾದೋರಿಗೆ ಸುಮ್ನೆ ಕೊಡ್ತಾರಂತೆ.

ಅತ್ತೆ: ಸುಮ್ನೆ ಯಾಕ್ ಕೊಡ್ತಾರೆ?

ನಾನು: ಖುಷಿಗೆ.

ಅತ್ತೆ: ಖುಷಿಗಾ? ಹೆಂಡ್ರು ಮಕ್ಳು ಇಲ್ವಾ ಅವ್ರಿಗೆ?

ನಾನು: ಇರ್ತಾರೆ. ಅವ್ರೂ ನನ್ನಂಗೇ ಕಾಯ್ತಾ ಇರ್ತಾರೆ.

ಮೈದುನ: ಅದರಲ್ಲಿ ಒಂದೂ ನಡೀತಿರ್ಲಿಲ್ಲ ಕಣವ್ವಾ. ಪ್ರಿಂಟ್ ಬರ್ತಿರ್ಲಿಲ್ಲ. ನೆಟ್ ಇಲ್ಲ. ಸೌಂಡ್ ಇಲ್ಲ. ಮೌಸ್ ಅಲ್ಲಾಡ್ಸಿದ್ರೆ ಒಂದಿನ ಅಲ್ಲಾಡೋದು, ಒಂದಿನ ಇಲ್ಲ.

ನಾನು: ಗಡಿಯಾರ ನಡೀತಿತ್ತು.

ಮೈದುನ: ಐದೂವರೆ ಗಂಟೆ ಹಿಂದೆ!

ನಾನು: ಅದು ಬರೆದೋರ ಊರಿನ ಟೈಮಂತೆ. ನಡೀತಿತ್ತೋ ಇಲ್ವೋ?

ಅತ್ತೆ: ಮತ್ತೆ ಹನ್ನೆರಡು ವರ್ಷ ಅವ್ನು ಮಾಡಿದ್ದೇನೇ?

ನಾನು: ಸೌಂಡ್ ಬರ್ಸೋಕೆ ನೋಡ್ತಿದ್ರು.

ಅತ್ತೆ: ಬಂತಾ?

ನಾನು: ಇಲ್ಲ.

ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನವೂ ಅದರ ಮುಂದೆ ಕೂತಿದ್ದರು. "ನಾಳೆ ಬಂದೇ ಬರುತ್ತೆ ಕಣೇ" ಎಂದಿದ್ದರು.

ಹೋದ ವಾರ ನಾನೇ ಕಂಪ್ಯೂಟರನ್ನು ಮೈದುನನ ಕೈಗೆ ಕೊಟ್ಟು, ಬಟವಾಡಿಯ ರಿಪೇರಿ ಅಂಗಡಿಯೊಂದಕ್ಕೆ ಕಳಿಸಿದ್ದೆ. ಧೂಳು ಹೊಡೆಸಿಕೊಂಡು ಬಾ ಎಂದಿದ್ದೆ. ಇವತ್ತು ಬರುವಾಗ ಅದನ್ನು ತಂದಿದ್ದ.

ನಾನು: ಧೂಳು ಹೊಡ್ಸಿದೆ ತಾನೆ?

ಮೈದುನ: ಹೊಡ್ಸಿದೆ. ಚೆನ್ನಾಗೇ ಹೊಡ್ದವ್ರೆ.

ನಾನು: ಮತ್ತೆ ಆನ್ ಮಾಡಿದ್ರೆ ನಿಂಗೇನು ಕಷ್ಟ?

ಮೈದುನ: ಎಡೆ ಮುಂದೆ ಕರೆಂಟಿನ ಸಾಮಾನು ಆಗಲ್ಲ ಅತ್ತಿಗೆ. ಅಣ್ಣ ಮುಟ್ಟಿ ಶಾಕ್ ಹೊಡ್ದ್ರೆ?

ಅತ್ತೆ: ಸತ್ತೋರಿಗೆ ಶಾಕ್ ಹೊಡ್ದು ಏನ್ಲಾ ಆಯ್ತದೆ? ಇನ್ನೊಂದ್ಸಲ ಸಾಯ್ತಾರಾ?

ಮೈದುನ: ಅಲ್ಲವ್ವಾ, ಶಾಸ್ತ್ರ ಅಂತ ಒಂದೈತಲ್ಲ.

ಅತ್ತೆ: ಶಾಸ್ತ್ರ ನಂಗೆ ಹೇಳ್ಬೇಡ. ನಿಮ್ಮಪ್ಪಂಗೆ ವರ್ಷಾವರ್ಷ ಬ್ರಾಂದಿ ಇಡ್ತಿದ್ದೆ. ಮುಚ್ಳ ತೆಗ್ದೇ ಇಡ್ತಿದ್ದೆ. ಮುಚ್ಳ ಹಾಕಿಟ್ರೆ ಹೆಂಗ್ ಕುಡೀತಾನೆ? ಬಾಟ್ಲಿ ಖಾಲಿ ಆಗಿರೋದು ಗೊತ್ತಾ! ಒಂದು ತೊಟ್ಟೂ ಉಳೀತಿರ್ಲಿಲ್ಲ!

ಮೈದುನ ಯಾಕೋ ತಲೆ ತಗ್ಗಿಸಿದ.

ಅತ್ತೆ: ಆನ್ ಮಾಡೇ ನೀನು.

ನಾನು ಸ್ವಿಚ್ ಒತ್ತಿದೆ. ಒಳಗಿನ ಫ್ಯಾನು ಒಂದು ಸಲ ಗೊರ್ ಎಂದು ತಣ್ಣಗಾಯಿತು. ಪರದೆ ಕಪ್ಪಗೇ ಇತ್ತು. ಅದು ಏಳಲು ಹತ್ತು ನಿಮಿಷ ಬೇಕು, ನನಗೆ ಗೊತ್ತು. ಧೂಪ ಹಾಕಿದೆ. ಮೂವರೂ ಕೈಮುಗಿದು ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಹೋದವರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಜಗಲಿಯ ಮೇಲೆ ಕೂತೆವು.

ಮೈದುನ: ಸಾಕೇನೋ. ಉಂಡಿರ್ತಾನೆ. ತೆಗೆಯಾನಾ?

ಅತ್ತೆ: ಈಗ್ ತಾನೆ ಮುಚ್ಚಿದ್ದು ಕಣ್ಲಾ.

ಮೈದುನ: ಅಣ್ಣ ಬೇಗ ಉಣ್ಣೋನು.

ನಾನು: ಎಲ್ಲಿ? ಆ ಪರದೆ ನೋಡ್ತಾ ನೋಡ್ತಾ ಮುದ್ದೆ ಕಲ್ಲಾಗೋದು. ಒಂದ್ಸಲ ಮೌಸ್ ಅಂತ ವಡೆ ಅಲ್ಲಾಡ್ಸವ್ರೆ.

ಮೈದುನ: ಆದ್ರೂ ಹೊಸದಾಗಿ ಹೋಗಿರೋನು. ಅಲ್ಲಿಂದ ಬೇಗ ಬಾ ಅಂದು ಕಳ್ಸಿರ್ತಾರೆ. ನಾನು ಒಬ್ನೇ ಹೋಗಿ ನೋಡ್ಕಂಡು…

ಆಗ ಒಳಗಿನಿಂದ ಸದ್ದು ಬಂತು. ಟಿಣ್, ಟಿಣಾ, ಟಿಣ್. ಇಂಪಾದ ಸದ್ದು.

ನಾನು ಬಾಗಿಲ ಕಡೆ ಓಡುವವಳಿದ್ದೆ. ಆಮೇಲೆ ಬುದ್ಧಿ ಬಂತು.

ಅತ್ತೆ: ಬಂದ! ನನ್ ಮಗ ಬಂದ! ಕೇಳಿಸ್ತೇನೇ? ಸೌಂಡು! ಇದ್ದಾಗ ಬರ್ಸೋಕಾಗ್ಲಿಲ್ಲ, ಸತ್ತು ಬರ್ಸಿದ ನನ್ ಮಗ!

ಮೈದುನ: ಹೂಂ ಕಣವ್ವಾ! ಅಣ್ಣನೇ! ಅಣ್ಣಂದೇ ಕೈಕೆಲಸ!

ನಾನು: ಅವ್ರಲ್ಲ.

ಅತ್ತೆ: ಯಾಕೇ ಅಲ್ಲ?

ನಾನು: ಸೌಂಡ್ ಬಂತು.

ಅತ್ತೆ: ಬಂತಲ್ಲ ಮತ್ತೆ!

ನಾನು: ಬಂತು ಅಂದ್ರೆ ಅವ್ರಲ್ಲ.

ಮೈದುನ: ಅಲ್ಲಿ ಟ್ರೈನಿಂಗ್ ಗೀನಿಂಗ್ ಕೊಟ್ಟಿರ್ತಾರೆ ಅತ್ತಿಗೆ.

ಅತ್ತೆ: ಗಂಡ ಒಂದ್ಸಲ ಏನೋ ಗೆದ್ದವ್ನೆ. ಅದ್ಕೂ ಹೂಂ ಅನ್ನಲ್ವಲ್ಲೇ ನೀನು!

ನಾನು: ಹನ್ನೆರಡು ವರ್ಷ ನೋಡಿದೀನಿ ಅತ್ತೆ. ಅವ್ರು ಮುಟ್ಟಿದ್ದು ಇಷ್ಟು ಚೆನ್ನಾಗಿ ನಡ್ಯಲ್ಲ.

ನಾನು ಎದ್ದೆ. ಒಂದು ಸಲ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದೆ. ಅವರಿಬ್ಬರೂ ಹಿಂದೆ ಬಂದರು. ಪರದೆಯ ತುಂಬ ಹಸಿರು ಗುಡ್ಡ. ಅದರ ಮೇಲೆ ನೀಲಿ ಆಕಾಶ, ಬಿಳಿ ಮೋಡ.

ಅತ್ತೆ: ಅಯ್ಯೋ ನಮ್ಮಪ್ಪಾ! ಸ್ವರ್ಗ! ಸ್ವರ್ಗ ತೋರಿಸ್ತಾವ್ನೆ ಕಣೇ! ಅಲ್ಲೇ ಅವ್ನೆ!

ಮೈದುನ: ಹೂಂ ಅವ್ವಾ. ಅಲ್ಲೇ ಅವ್ನೆ.

ಅತ್ತೆ: ಎಷ್ಟ್ ಹಸ್ರು ನೋಡು! ನಾಕು ಎಮ್ಮೆ ಮೇಯಿಸ್ಬೋದು. ಆದ್ರೂ ಒಂದು ತೆಂಗಿನ್ ಮರ ಇಲ್ವಲ್ಲ. ನೆಳ್ಳಿಗೆ ಏನ್ ಮಾಡ್ತಾನೆ?

ಮೈದುನ: ಗುಡ್ಡದ ಆ ಕಡೆ ಇರ್ತವೆ.

ಅತ್ತೆ: ನಿಮ್ಮಪ್ಪ ಕಾಣಲ್ವಲ್ಲ?

ಮೈದುನ: ಅಪ್ಪಾನೂ… ಗುಡ್ಡದ ಆ ಕಡೇನೇ.

ಅತ್ತೆ: ಕುಡ್ದು ಬಿದ್ದಿರ್ತಾನೆ. ಹೋಗ್ಲಿ ಬುಡು.

ನಾನು: ಮೂಡ್ಲಗಿರಿ. ಈ ಗುಡ್ಡ ನಾನು ನೋಡಿದೀನಿ.

ಮೈದುನ: ಕನಸಿನಲ್ಲಾ ಅತ್ತಿಗೆ?

ನಾನು: ಬ್ಯಾಂಕಲ್ಲಿ. ಜೆರಾಕ್ಸ್ ಅಂಗಡೀಲಿ. ರೇಷನ್ ಕಾರ್ಡಿಗೆ ಫೋಟೋ ತೆಗೆಯೋನ ಹತ್ರ. ಇದು ಸ್ವರ್ಗ ಆದ್ರೆ ಅರ್ಧ ಗುಬ್ಬಿ ಸ್ವರ್ಗದಲ್ಲಿತ್ತು. ಏನ್ ಮಾಡ್ದೆ ಹೇಳು.

ಮೈದುನ ಫೋಟೋ ನೋಡಿದ. ಅಣ್ಣನಿಂದ ಸಹಾಯ ಬರಲಿಲ್ಲ.

ಮೈದುನ: ಬಟವಾಡಿಯೋನು ಕೇಳ್ದ. ಇದರಲ್ಲಿ ಏನೋ ಕೆಟ್ಟು ಕೂತೈತೆ, ಅಳ್ಸಿ ವಿಂಡೋಸ್ ಹಾಕ್ಲಾ ಅಂದ. ಕೆಟ್ಟಿರೋದನ್ನ ಸರಿ ಮಾಡ್ತೀನಿ ಅಂದ್ರೆ ಯಾರಾದ್ರೂ ಬೇಡ ಅಂತಾರಾ? ಹಾಕಪ್ಪಾ ಅಂದೆ. ಬಸ್ಸಲ್ಲಿ ಬರುವಾಗ ನಿಮ್ ಮುಖ ಕಣ್ಮುಂದೆ ಬಂತು. ಅದ್ಕೇ ಆನ್ ಮಾಡ್ಬೇಡಿ ಅಂದಿದ್ದು.

ನಾನು: ಅವ್ರು ಹಾಕಿಟ್ಟಿದ್ದು?

ಮೈದುನ: ಹೋಯ್ತು.

ನಾನು: ಎಲ್ಲಾನೂವಾ?

ಮೈದುನ: ನೀವು ಧೂಳು ಹೊಡ್ಸು ಅಂದ್ರಿ. ಒಳಗಿಂದೂ ಹೊಡ್ದವ್ನೆ.

ಸಾರಿನ ಮೇಲೆ ಎಣ್ಣೆ ಕಟ್ಟುತ್ತಿತ್ತು. ಅದನ್ನೇ ನೋಡುತ್ತಾ ನಿಂತೆ.

ಅತ್ತೆ: ಏನಂತೇ? ಸ್ವರ್ಗ ಅಲ್ವಾ?

ನಾನು: ಅಲ್ಲ ಅತ್ತೆ. ನಿಮ್ ದೊಡ್ಡ ಮಗನ ಮನೆ ಕೆಡವಿ ಚಿಕ್ಕ ಮಗ ಗುಡ್ಡ ಮಾಡವ್ನೆ.

ಅತ್ತೆ: ಹಂಗಾರೆ ಬಂದಿಲ್ವಾ ಅವ್ನು?

ನಾನು: ಬಂದಿರ್ತಾರೆ. ಬಾಗಿಲಲ್ಲಿ ನಿಂತು ನೋಡಿ, ಯಾರೋ ಬೇರೆಯೋರ ಮನೆ ಅಂತ ಹೊರಟೋಗಿರ್ತಾರೆ.

ಅತ್ತೆ: ಉಣ್ದೆ?

ನಾನು: ಉಣ್ದೆ.

ಮೈದುನ: ಹಂಗಾರೆ ಈ ಎಲೆ ನಾನು…

ಅತ್ತೆ: ಮುಚ್ಲಾ ಬಾಯಿ!

ಹಿತ್ತಿಲ ಸೀಬೆ ಗಿಡದಲ್ಲಿ ಯಜಮಾನರ ಆ ಸಿಸ್ಟಂನ ಸಿಡಿಗಳು ತೂಗಾಡುತ್ತಿವೆ. ಮೂವತ್ತಾದರೂ ಇವೆ. ಅಳಿಲು ಹೆದರಲಿ ಎಂದು ನಾನೇ ದಾರ ಕಟ್ಟಿದ್ದು. ಹೊರದೇಶದವರು ಹೊಸದು ಬರೆದಾಗಲೆಲ್ಲ ಇವರು ಹೊಸ ಸಿಡಿ ಮಾಡುವರು. ಒಂದೊಂದರ ಮೇಲೂ ಅವರ ಕೈಬರಹ. "ಇದೇ ಕೊನೇದು." "ಇದೂ ಅಲ್ಲ." "ಇದು ಕೊನೇದು." ಒಂದನ್ನು ಮಾತ್ರ ನಾನು ಗಿಡಕ್ಕೆ ಕಟ್ಟಿರಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿದೆ.

ಮೈದುನ: (ಓದುತ್ತಾ) "ನಿಜವಾಗ್ಲೂ ಕೊನೇದು." ಅಕ್ಕಿ ಡಬ್ಬದಲ್ಲಿ ಇಟ್ಟಿದ್ರಾ ಇದನ್ನ?

ನಾನು: ಇಡೋಕೆ ಬೇರೆ ಚಿನ್ನ ಇಲ್ಲ. ಬಾ ಇಲ್ಲಿ. ಸಿಡಿ ತಟ್ಟೇನ ಹೆಬ್ಬೆಟ್ಟಲ್ಲಿ ಒತ್ತಿ ಹಿಡ್ಕೊ. ಬಿಟ್ರೆ ಹೊರಗೆ ಬಂದ್ಬಿಡ್ತದೆ. ನಿಮ್ಮಣ್ಣ ತಟ್ಟೆ ಒತ್ತೋರು, ನಾನು ಕೀಬೋರ್ಡಿನ ಮೇಲಿನ ಸಾಲಿನ ಬಟನ್ ಕುಟ್ಟೋಳು. ಒಬ್ಬರ ಕೈಲಿ ಆಗಲ್ಲ ಇದು.

ಮೈದುನ: ನಿಮಗೆ ಇದೆಲ್ಲ ಬರ್ತದಾ ಅತ್ತಿಗೆ?

ನಾನು: ಆ ಮನುಷ್ಯನ್ನ ಮದುವೆ ಆಗಿದ್ದೆ ಕಣಪ್ಪಾ.

ಮೈದುನ: ಎಷ್ಟೊತ್ತು ಒತ್ಬೇಕು? ಹೆಬ್ಬೆಟ್ಟು ನೋಯ್ತದೆ.

ಅತ್ತೆ: ಬಟವಾಡೀಲಿ ಹಾಕು ಅನ್ನುವಾಗ ನಾಲ್ಗೆ ನೋಯ್ಲಿಲ್ವಾ? ಒತ್ಲಾ!

ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದೆ. ಮೊದಲ ಸಲ ಅವನು ವಡೆ ಕಡೆ ನೋಡಿದ. ತಟ್ಟೆ ಹೊರಗೆ ಬಂತು, ಗುಡ್ಡವೂ ಬಂತು. ಅತ್ತೆ ಅವನ ತಲೆಗೆ ಮೊಟಕಿದರು. ಎರಡನೇ ಸಲ ಸೀನಿದ. ಮತ್ತೆ ಗುಡ್ಡ. ಮೂರನೇ ಸಲ ಅವನ ಹೆಬ್ಬೆಟ್ಟಿನ ಮೇಲೆ ಅತ್ತೆ ತಮ್ಮ ಹೆಬ್ಬೆಟ್ಟನ್ನೂ ಇಟ್ಟು ಒತ್ತಿದರು. ನಾನು ಬಟನ್ ಕುಟ್ಟಿದೆ. ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರ ಸುರಿಯಿತು. ಆಮೇಲೆ ಬೂದಿ ಬಣ್ಣ ಬಂತು. ಮೂಲೆಯಲ್ಲಿ ಗಡಿಯಾರ ಬಂತು. ಅದೊಂದು ಬಿಟ್ಟು ಎಲ್ಲ ಅಲ್ಲಿಗೆ ನಿಂತಿತು.

ನಾನು: ಬಿಡು. ಸಿಡೀಲಿರೋದೆಲ್ಲಾ ಒಳಕ್ಕೆ ತಗಂತು.

ಮೈದುನ: ಸೌಂಡೇ ಬರ್ಲಿಲ್ಲ.

ನಾನು: ಇಲ್ಲ.

ಮೈದುನ: ಮೌಸೂ ಅಲ್ಲಾಡ್ತಿಲ್ಲ. ಕೆಟ್ಟೈತೆ ಅತ್ತಿಗೆ.

ನಾನು: ಸರಿಯಾಗೈತೆ. ಇವತ್ತು ಮೌಸ್ ಇಲ್ಲದ ದಿನ.

ಅತ್ತೆ: ಗಡಿಯಾರ ಎಷ್ಟ್ ತೋರಿಸ್ತದೆ?

ನಾನು: ಏಳು ನಲವತ್ತು.

ಮೈದುನ: ಈಗ ಮಧ್ಯಾಹ್ನ ಒಂದೂ ಹತ್ತು! ಬೇಗ ಬಾಗ್ಲು ಮುಚ್ಚಿ, ಹತ್ತು ನಿಮಿಷ ಬಿಟ್ಟು ತೆಗ್ದ್ರೆ ಎಲ್ಲಾರೂ ಉಣ್ಬೋದು.

ಅತ್ತೆ: ನಿನ್ ಟೈಮ್ ಯಾರ್ ಕೇಳಿದ್ರು? ಅವ್ನಿಗಿನ್ನೂ ಬೆಳಗ್ಗೆ ಏಳು ನಲವತ್ತು. ಅವ್ನು ಊಟ ಮಾಡೋದು ಎಷ್ಟೊತ್ತಿಗೇ?

ನಾನು: ಒಂದು ಗಂಟೆಗೆ ಅತ್ತೆ. ಅದರ ಮುಂಚೆ ಒಂದು ತುತ್ತೂ ಮುಟ್ಟೋರಲ್ಲ.

ಮೈದುನ ಬೆರಳು ಎಣಿಸಿದ. ಮುಖ ಬಾಡಿತು.

ಮೈದುನ: ಆರೂವರೆ! ಅದರಲ್ಲಿ ಒಂದು ಗಂಟೆ ಆಗೋಕೆ ನಮಗೆ ಸಾಯಂಕಾಲ ಆರೂವರೆ ಆಯ್ತದೆ ಅವ್ವಾ!

ಅತ್ತೆ: ಆಗ್ಲಿ. ಹನ್ನೆರಡು ವರ್ಷದ್ದು ಒಂದೇಟಿಗೆ ಅಳ್ಸಿದ್ಯಲ್ಲ. ಐದೂವರೆ ಗಂಟೆ ಕಾಯಿ.

ಮೈದುನ: ಅತ್ತಿಗೆ, ನೀವಾದ್ರೂ ಹೇಳಿ. ಆ ಗುಡ್ಡದಲ್ಲಿ ಊಟದ ಟೈಮಾದ್ರೂ ಸರಿಯಾಗಿತ್ತು.

ನಾನು ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚಿದೆ. ದೀಪಕ್ಕೆ ಎಣ್ಣೆ ಹಾಕಿದೆ. ಹೊರಗೆ ಬಂದು ಬಾಗಿಲು ಎಳೆದೆ. ಮೂವರೂ ಮತ್ತೆ ಜಗಲಿಯ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಗುರ್ ಎಂದು ಸದ್ದಾಯಿತು. ಅತ್ತೆ ನೆಟ್ಟಗೆ ಕೂತರು.

ಅತ್ತೆ: ಬಂದ್ನಾ?

ಮೈದುನ: ನನ್ ಹೊಟ್ಟೆ ಕಣವ್ವಾ.

ಅತ್ತೆ ಎದ್ದು ಹೋಗಿ ಬಾಗಿಲಿಗೆ ಕಿವಿ ಕೊಟ್ಟರು. ಬಹಳ ಹೊತ್ತು ಕೇಳಿದರು.

ಅತ್ತೆ: ಒಳಗೆ ಏನೂ ಸದ್ದಿಲ್ವಲ್ಲೇ.

ನಾನು: ಹೂಂ ಅತ್ತೆ. ಬಂದವ್ರೆ.