ಮೈಕ್ರೋಸ್ಕೋಪು ಮತ್ತು ಅತ್ತೆಯ ಈರುಳ್ಳಿ

ಆರಿಸುವ ಕೆಲಸದಲ್ಲಿ ನನ್ನಷ್ಟು ಕೈಲಾಗದವಳು ಇನ್ನೊಬ್ಬಳಿಲ್ಲ. ತರೀಕೆರೆಯಲ್ಲಿ ಒಂದೇ ಒಂದು ಸೀರೆ ಕೊಳ್ಳಲು ಕೂತು, ಅಂಗಡಿಯವರೇ ಬೇಸತ್ತು ಊಟಕ್ಕೆ ಎದ್ದುಹೋಗುವಂತೆ ಮಾಡಿದವಳು ನಾನು. ಇಂಥವಳ ಹಣೆಯಲ್ಲಿ ಬರೆದ ಉದ್ಯೋಗವೇನು ಗೊತ್ತೇ? ಎಲೆಕ್ಟ್ರಾನ್ ಮೈಕ್ರೋಸ್ಕೋಪು ತೆಗೆದ ಪ್ರೋಟೀನ್ ಕಣಗಳ ಲಕ್ಷಾಂತರ ಮಸುಕು ಚಿತ್ರಗಳನ್ನು ವಿಂಗಡಿಸುವುದು. ವಿಂಗಡಿಸುವುದೇನೋ ಕಂಪ್ಯೂಟರೇ. ಆದರೆ ಎಷ್ಟು ಗುಂಪು ಮಾಡಬೇಕು, ಕಣದ ಸುತ್ತ ಎಷ್ಟು ಅಗಲದ ವೃತ್ತ ಹಾಕಿ ಹೊರಗಿನದನ್ನು ಅಳಿಸಬೇಕು ಎಂದು ಅದಕ್ಕೆ ನಾನೇ ಹೇಳಬೇಕು.

ರಜೆ ಹಾಕಿ, ಕಡೂರಿನಲ್ಲಿ ರೈಲಿಳಿದು ಅಜ್ಜಂಪುರದ ಅತ್ತೆಮನೆಗೆ ಬಂದರೂ ಈ ಶನಿ ಲ್ಯಾಪ್‌ಟಾಪಿನಲ್ಲಿ ಕೂತು ಜೊತೆಗೇ ಬಂತು. ಸಂಜೆ ನಾಲ್ಕಕ್ಕೆ ನನ್ನ ಸಂಶೋಧನೆಯ ಗೈಡಿಗೆ ಚಿತ್ರ ತೋರಿಸಬೇಕು. ಚೆನ್ನಾಗಿಲ್ಲದಿದ್ದರೆ ನಾನು ಎರಡು ವರ್ಷ ಜೀವ ತೇದ ಪ್ರೋಟೀನನ್ನೇ ಕೈಬಿಡುವುದೆಂದು ಅವರು ಹೇಳಿಯಾಗಿತ್ತು. ಐವತ್ತು ಗುಂಪು ಮಾಡಿಸಿದೆ, ನೂರು ಮಾಡಿಸಿದೆ, ಇನ್ನೂರು ಮಾಡಿಸಿದೆ. ಏನೇ ಮಾಡಲಿ, ಎಲ್ಲವೂ ರಾಗಿಮುದ್ದೆಯ ಹಾಗೆ ದುಂಡಗೆ, ಕಣದ ನಿಜವಾದ ಆಕಾರದ ಸುಳಿವೇ ಇಲ್ಲ. ನಿಜವಾಗಿಯೂ ಅಳು ಬಂತು.

ಪಡಸಾಲೆಯಲ್ಲಿ ಅತ್ತೆ ಈರುಳ್ಳಿ ವಿಂಗಡಿಸುತ್ತಿದ್ದರು. ದಪ್ಪದ್ದು, ಸಣ್ಣದ್ದು, ಮೊಳಕೆ ಬಂದದ್ದು, ಕೊಳೆತದ್ದು. ಅವರ ಕೈ ಒಂದು ಸಲವಾದರೂ ಅನುಮಾನಿಸಬಾರದೇ! ನನಗೆ ಹೊಟ್ಟೆ ಉರಿಯಿತು. ಏನಾಯಿತೆಂದು ಕೇಳಿದರು. ಈರುಳ್ಳಿಯವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂಬ ಜಂಬದಲ್ಲೇ ವಿವರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡಿದರು.

"ಈ ದುಂಡು ಗೆರೆ ಹಾಕಿದ್ದು ಯಾರು?"

"ನಾನೇ ಅತ್ತೆ. ಹೊರಗಿನ ಕಸ ಬರದಿರಲಿ ಅಂತ."

"ಅಲ್ಲ ಕಣಮ್ಮ, ಎಲ್ಲಾ ಗೆರೆಗೆ ತಾಗ್ಕೊಂಡೇ ನಿಂತವೆ. ಉದ್ದುಕ್ಕಿರೋದನ್ನ ದುಂಡುಗೆ ಕತ್ತರಿಸಿದ್ರೆ ದುಂಡುಗೇ ಕಾಣ್ತದೆ."

ನಾನು ಓದಿದ ಓದಿಗೆ ಬೆಂಕಿ ಬೀಳ! ವೃತ್ತವನ್ನು ಅಗಲ ಮಾಡಿ ಕಂಪ್ಯೂಟರಿನಿಂದ ಮತ್ತೆ ಗುಂಪು ಮಾಡಿಸಿದೆ. ನಾಲ್ಕು ಗಂಟೆಗೆ ಹತ್ತು ನಿಮಿಷವಿರುವಾಗ ಮೂಡಿತು ನೋಡಿ, ಎರಡೂ ತುದಿಗೆ ಕೊಂಬಿರುವ ಉದ್ದನೆಯ ಕಣ. ಪಾಪದ್ದು, ಇಷ್ಟು ದಿನ ಅದರ ಕೊಂಬು ಕತ್ತರಿಸುತ್ತಾ ಕೂತಿದ್ದವಳು ನಾನೇ.

ಗೈಡ್ ಹಿಗ್ಗಿಹೋದರು. ವೃತ್ತ ದೊಡ್ಡದು ಮಾಡಬೇಕೆಂದು ಹೇಗೆ ಹೊಳೆಯಿತು ಎಂದು ಫೋನಿನಲ್ಲಿ ಕೇಳಿದರು. ಬಹಳ ಆಲೋಚಿಸಿ ತೀರ್ಮಾನಿಸಿದೆ ಎಂದೆ, ದನಿ ಗಂಭೀರ ಮಾಡಿಕೊಂಡು. ಹಾಗಾದರೆ ಬರುವ ವಾರ ಲ್ಯಾಬಿನವರಿಗೆಲ್ಲ ಅದನ್ನು ವಿವರಿಸಿ ಒಂದು ಗಂಟೆ ಮಾತಾಡಿಬಿಡು ಎಂದರು. ಸ್ಪೀಕರು ಆನ್ ಇದ್ದದ್ದು ನನಗೆ ತಿಳಿದದ್ದೇ ಆಮೇಲೆ.

ಅತ್ತೆ ಈರುಳ್ಳಿಯಿಂದ ತಲೆ ಎತ್ತಲಿಲ್ಲ.

"ನಾನೂ ಬತ್ತೀನಿ ಕಣಮ್ಮ," ಎಂದರು. "ಯಾರಾದ್ರೂ ಪ್ರಶ್ನೆ ಕೇಳಿದ್ರೆ ಉತ್ತರ ಹೇಳೋಕೆ ಒಬ್ರು ಬೇಕಲ್ಲ."